ಶಾಸ್ತ್ರಚಕ್ಷುವೂ ಕಾರ್ಯಪ್ರಜ್ಞೆಯೂ

ರಾಜನೀತಿಯನ್ನು ಓದಿದವನಿಗೆ ರಾಜಕಾರ್ಯವೂ ತಿಳಿದಿರುವುದೆಂಬ ನಿಯಮವಿಲ್ಲ. ಈ ಮಾತು ನನ್ನ ಮನಸ್ಸಿಗೆ ನಾಟಿದುದು ನಮ್ಮೂರ ಕೆರೆಯ ಏರಿಯ ಮೇಲೆ.

ನಾನು ನಿವೃತ್ತನಾದ ವರ್ಷ ಮಳೆ ಕಡಿಮೆಯಾಗಿ, ನೀರಿನ ಹಂಚಿಕೆಯಲ್ಲಿ ವ್ಯಾಜ್ಯವುಂಟಾಯಿತು. ಓದಿದವನೆಂಬ ಗೌರವದಿಂದ ಹಿರಿಯರು ತೀರ್ಪನ್ನು ನನಗೊಪ್ಪಿಸಿದರು. ಸಮತೆಯೇ ನ್ಯಾಯವೆಂದು ಬಗೆದು, ಎಕರೆಗೆ ಇಂತಿಷ್ಟು ಗಂಟೆಯೆಂದು ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಸರದಿಯನ್ನು ಗೊತ್ತುಮಾಡಿದೆನು. ಮುದುಕನಾದ ನೀರುಗಂಟಿಯು, "ಮೇಷ್ಟ್ರೇ, ಕೊನೇ ಗದ್ದೆಗೆ ನೀರು ಮುಟ್ಟೋ ಹೊತ್ಗೆ ಅದರ ಸರದೀನೇ ಮುಗಿದಿರ್ತದೆ" ಎಂದನು. ನಾನು ಕಿವಿಗೊಡಲಿಲ್ಲ. ಕಾಲುವೆಯ ಒಣಮಣ್ಣು ತನ್ನ ಪಾಲನ್ನು ಕುಡಿಯಿತು. ಕೊನೆಯ ಗದ್ದೆಯ ಬಡವನ ಪೈರು ಒಣಗಿತು. ಆ ವರ್ಷ ಅವನ ಮನೆಗೆ ಬೇಕಾದ ಭತ್ತವನ್ನು ನಾನು ಕೊಟ್ಟೆನು. ಆದರೆ ಅವನು ನನ್ನ ಕಣ್ಣು ತಪ್ಪಿಸಿ ನಡೆಯುವುದು ನಿಲ್ಲಲಿಲ್ಲ.

ತತ್ತ್ವವು ಸುಳ್ಳಾಗಿತ್ತೆ? ಇಲ್ಲ. ಸಮವಾಗಿರಬೇಕಾದುದು ಗಂಟೆಯಲ್ಲ, ಗದ್ದೆಯನ್ನು ಮುಟ್ಟುವ ನೀರು ಎಂಬುದು ನನಗೆ ಕಾಣಲಿಲ್ಲ. ಹಾಗೆಂದು ತತ್ತ್ವವನ್ನು ಬಿಟ್ಟರೆ, ನೀರು ಬಲ್ಲಿದನ ಗದ್ದೆಗೇ ಹರಿದೀತು.

೧೯೦೯ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆಮೇಲೆ ಮತ್ತೆ ತೆರೆದೆನು. ಅಮಾತ್ಯರನ್ನು ಆರಿಸುವ ಪ್ರಕರಣದಲ್ಲಿ ಪೂರ್ವಾಚಾರ್ಯರ ವಾದವಿದೆ. ನೀತಿಯನ್ನು ಬಲ್ಲ ಹೊಸಬರನ್ನೇ ನೇಮಿಸಬೇಕೆಂದು ವಾತವ್ಯಾಧಿಯ ಮತ. ಕಾರ್ಯವನ್ನು ಕಾಣದ ಶಾಸ್ತ್ರಜ್ಞನು ಕಾರ್ಯಕಾಲದಲ್ಲಿ ಎದೆಗುಂದುವನೆಂದು ಬಾಹುದಂತೀಪುತ್ರನ ಆಕ್ಷೇಪ. ಕೌಟಿಲ್ಯನು ಯಾರನ್ನೂ ತಳ್ಳಿಹಾಕುವುದಿಲ್ಲ. ಪುರುಷನ ಸಾಮರ್ಥ್ಯವನ್ನು ಅವನ ಕಾರ್ಯಸಾಮರ್ಥ್ಯದಿಂದ ಅಳೆಯಬೇಕೆನ್ನುತ್ತಾನೆ. ಮುಂದಿನ ಅಧ್ಯಾಯದಲ್ಲಿ ಪರೀಕ್ಷೆಯನ್ನೂ ಬೇರ್ಪಡಿಸುತ್ತಾನೆ: ಶಾಸ್ತ್ರದೃಷ್ಟಿಯನ್ನು ಸಮಾನವಿದ್ಯರಿಂದ ತಿಳಿಯಬೇಕು, ಪ್ರಜ್ಞೆಯನ್ನೂ ದಕ್ಷತೆಯನ್ನೂ ಕೈಗೊಂಡ ಕೆಲಸದಲ್ಲಿ ನೋಡಬೇಕು. ರಾಜನು ತಾನೇ ಕಂಡುದು ಪ್ರತ್ಯಕ್ಷ, ಇತರರು ತಿಳಿಸಿದುದು ಪರೋಕ್ಷ. ಮಾಡಿದ ಕೆಲಸದಿಂದ ಇನ್ನೂ ಮಾಡದುದನ್ನು ಊಹಿಸುವುದು ಅನುಮೇಯ. ರಾಜಕೀಯ ವಿವೇಕವೆಂದರೆ ಈ ಮೂರನೆಯದೇ ಎಂದು ನನ್ನ ಎಣಿಕೆ. ನನಗೆ ಪ್ರತ್ಯಕ್ಷವಿರಲಿಲ್ಲ, ನೀರುಗಂಟಿಯು ತಿಳಿಸಿದ ಪರೋಕ್ಷವನ್ನು ನಾನೇ ದೂಡಿದೆನು, ಇನ್ನು ಅನುಮಾನವು ಎಲ್ಲಿಂದ ಹುಟ್ಟೀತು?

ಮರುವರ್ಷ ನೀರುಗಂಟಿಯೊಡನೆ ತೂಬಿನಿಂದ ಕೊನೆಯ ಗದ್ದೆಯವರೆಗೆ ನಡೆದೆನು. ನೀರು ಸಾಗುವ ಹೊತ್ತನ್ನು ಕಳೆದು, ಗದ್ದೆಯ ಬದುವನ್ನು ಮುಟ್ಟಿದ ಮೇಲೆ ಸರದಿಯನ್ನೆಣಿಸುವುದಾಗಿ ಗೊತ್ತಾಯಿತು. ಪೈರು ಉಳಿಯಿತು.

ವಾಚಕರೇ, ಮತ ಬೇಡಲು ಬಾಗಿಲಿಗೆ ಬಂದವನ ತತ್ತ್ವವನ್ನು ಅವಶ್ಯವಾಗಿ ಕೇಳಿರಿ. ಜೊತೆಗೆ, ಅವನು ಯಾವ ಕಾಲುವೆಯ ಗುಂಟ ನಡೆದಿರುವನು, ಯಾರ ಮಾತನ್ನು ಕೇಳಿರುವನು ಎಂಬುದನ್ನೂ ವಿಚಾರಿಸಿರಿ.