ಎತ್ತಿಲ್ಲದ ದಂಡು

ಮೇಜಿನ ಮೇಲೆ ಯುದ್ಧವಾಡುವ ಗಂಡಸರೊಂದಿಗೆ ನನ್ನದೊಂದು ತಕರಾರಿದೆ. ಅವರು ಆಡಬಾರದೆಂದಲ್ಲ, ಧಾರಾಳವಾಗಿ ಆಡಲಿ. ಆದರೆ ನಿಯಮ ಬರೆಯುವಾಗ ಅನ್ನವನ್ನು ಮರೆಯಬಾರದು.

ನಮ್ಮ ಮನೆಯಲ್ಲಿ ಈ ಹುಚ್ಚು ಮಗನಿಗೂ ಮೈದುನನಿಗೂ ಇದೆ. ಊಟದ ಮೇಜಿನ ಮೇಲೆ ಹಸಿರು ಚಾದರ, ಅದರ ಮೇಲೆ ಅಂಗುಲೆತ್ತರದ ಸಿಪಾಯಿಗಳು, ಅಳೆಯಲಿಕ್ಕೆ ನನ್ನ ಹೊಲಿಗೆಯ ಟೇಪು. ನಿಯಮಗಳು ಇವರೇ ಮಾಡಿದವು. ಹಾಲಿನ ಲೆಕ್ಕದ ಹಳೆಯ ವಹಿಯಲ್ಲಿ ಬರೆದು ಮೂರು ಸಲ ತಿದ್ದಿದ್ದಾರೆ. ಮೊದಲು ಸಿಪಾಯಿಗಳು ಬಿಡಿಬಿಡಿಯಾಗಿ ನಿಲ್ಲುತ್ತಿದ್ದರು. ಫ್ಯಾನು ಹಾಕಿದರೆ ಅರ್ಧ ದಂಡು ನೆಲಕ್ಕೆ. ಆಮೇಲೆ ಲಗ್ನಪತ್ರಿಕೆಯ ರಟ್ಟನ್ನು 4 ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ, ತುಂಡಿಗೆ ನಾಲ್ವರಂತೆ ಅಂಟಿಸಿದರು. ರಟ್ಟು ಬಂದ ಮೇಲೆ ನಿಯಮವೂ ಬದಲಾಯಿತು. ಈಗ ಸಾಯುವುದು ಒಬ್ಬನಲ್ಲ, ಇಡೀ ರಟ್ಟು. ಎಷ್ಟು ಜನ ಗುಂಡು ಹಾರಿಸಬಹುದೆಂಬುದು ರಟ್ಟಿನ ಅಗಲದ ಮೇಲೆ ನಿಂತಿದೆ. ಅರ್ಧ ಸೆಂಟಿಮೀಟರಿಗಾಗಿ ಕಾಕಾ-ಮಗ ಒಂದು ತಾಸು ಜಗಳಾಡಿದ್ದನ್ನು ಕೇಳಿದ್ದೇನೆ.

ಒಂದು ಭಾನುವಾರ ಶ್ರೀರಂಗಪಟ್ಟಣದ ಯುದ್ಧ ನಡೆಯಿತು. ವರ್ಷ 1791. ಮೈದುನ ಕಾರ್ನ್‌ವಾಲಿಸ್, ಮಗ ಟಿಪ್ಪು. ಸಂಜೆಯೊಳಗೆ ಮೈದುನ ಕೋಟೆ ಗೆದ್ದ. ಅಷ್ಟರಲ್ಲಿ ನಾನು ಮೂರು ಸಲ ಚಹಾ, ಒಂದು ಸಲ ಉಪ್ಪಿಟ್ಟು ತಂದಿಟ್ಟಿದ್ದೆ.

“ನಿಮ್ಮ ದಂಡಿಗೆ ಉಪ್ಪಿಟ್ಟು ಯಾರು ಮಾಡಿದರು?” ಎಂದೆ.

“ವೈನಿ, ಇದು ಯುದ್ಧ ಅದ, ಅಡಿಗಿಮನಿ ಅಲ್ಲ” ಎಂದು ನಕ್ಕ.

ನಗುವ ಮೊದಲು ಇತಿಹಾಸ ಓದಬೇಕಿತ್ತು. 1791ರ ಮೇ ತಿಂಗಳಲ್ಲಿ ಅರಕೆರೆಯ ಹತ್ತಿರ ಕಾರ್ನ್‌ವಾಲಿಸ್ ಕಾಳಗ ಗೆದ್ದ, ನಿಜ. ಆದರೆ ದಂಡಿಗೆ ಧಾನ್ಯವಿರಲಿಲ್ಲ, ಎತ್ತುಗಳು ಸತ್ತುಬೀಳುತ್ತಿದ್ದವು. ಎಳೆಯುವವರಿಲ್ಲದ ಭಾರಿ ತೋಪುಗಳನ್ನು ತಾನೇ ಹಾಳುಗೆಡವಿ, ಗೆದ್ದವನು ಬೆಂಗಳೂರಿಗೆ ಹಿಂತಿರುಗಿದ. ಮತ್ತೆ ಬಂದದ್ದು 1792ರ ಫೆಬ್ರವರಿಯಲ್ಲಿ. ಆಗ ಬಂಜಾರರ ಎತ್ತುಗಳು ಧಾನ್ಯ ಹೊತ್ತು ಜೊತೆಗಿದ್ದವು. ಮೈಸೂರಿನವರಿಗೆ ಎತ್ತಿನ ಬೆಲೆ ಗೊತ್ತಿತ್ತು. ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. ಆ ತಳಿಯ ಎತ್ತುಗಳೇ ತೋಪು ಎಳೆದವು. ಬೆಣ್ಣೆಯ ಇಲಾಖೆ ಯುದ್ಧಕ್ಕೆ ಬೇಕಾಯಿತು. ನಮ್ಮ ವಹಿಯಲ್ಲಿ ಮಾತ್ರ ಅದಕ್ಕೆ ಒಂದು ಸಾಲಿಲ್ಲ!

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈ ನನ್ನದು. ಬೆರಳಿನಷ್ಟು ಚಿಕ್ಕ ಎತ್ತುಗಳನ್ನು ಮಾಡಿ, ಒಣಗಿಸಿ, 6 ಸೆಂಟಿಮೀಟರಿನ ರಟ್ಟಿಗೆ ಜೋಡಿಯಾಗಿ ಅಂಟಿಸಿದೆ. ನಿಯಮವನ್ನೂ ಬರೆದೆ: ನಾಲ್ಕು ಸಿಪಾಯಿ ರಟ್ಟಿಗೆ ಒಂದು ಎತ್ತಿನ ರಟ್ಟು. ಗೇಣಿನೊಳಗೆ ಎತ್ತಿಲ್ಲದಿದ್ದರೆ ತೋಪು ಕದಲುವಂತಿಲ್ಲ. ಆರು ಸರದಿಗೊಮ್ಮೆ ದಾಳ ಉರುಳಿಸಬೇಕು. ಒಂದು ಬಿದ್ದರೆ ಒಂದು ರಟ್ಟು ಎತ್ತು ಸತ್ತಂತೆ.

“ದಾರಿ ತುಂಬ ಎತ್ತೇ ಆಗ್ತಾವ, ಆಟ ಸಾವಕಾಶ ಆಗ್ತದ” ಎಂಬುದು ಮೈದುನನ ತಕರಾರು. ಆಗಲಿ! ನಿಜವಾದ ದಂಡೂ ಸಾವಕಾಶವಾಗಿಯೇ ಹೋಯಿತು. ಆಟದಲ್ಲಿ ಎಲ್ಲವನ್ನೂ ಸೇರಿಸಲಾಗದು, ಕೆಲವನ್ನು ಬಿಡಲೇಬೇಕು ಎಂಬುದು ನನಗೂ ಗೊತ್ತು. ಆದರೆ ಟೊಪ್ಪಿಗೆಯ ಬಣ್ಣಕ್ಕೆ ವಾರಗಟ್ಟಲೆ ಕೂರುವವರು ಬಿಡುವುದು ಯಾವಾಗಲೂ ಅನ್ನವನ್ನೇ ಏಕೆ? ತಾನಾಗಿ ಬರುತ್ತದೆ ಎಂದುಕೊಂಡದ್ದನ್ನು ಯಾರೂ ಲೆಕ್ಕ ಬರೆಯುವುದಿಲ್ಲ. ನಮ್ಮ ಮನೆಗಳಲ್ಲಿ ಯಾವುದು ಹಾಗೆ ತಾನಾಗಿ ಬರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕೆ?

ಎಚ್. ಜಿ. ವೆಲ್ಸ್ ಎಂಬ ಇಂಗ್ಲಿಷ್ ಲೇಖಕ 1913ರಲ್ಲಿ ‘ಲಿಟಲ್ ವಾರ್ಸ್’ ಎಂದು ಇಂಥ ಆಟದ ಪುಸ್ತಕವನ್ನೇ ಬರೆದ. ಅದು ಹುಡುಗರಿಗೆ, ಹುಡುಗರ ಆಟ ಮೆಚ್ಚುವ ತುಸು ಜಾಣ ಹುಡುಗಿಯರಿಗೂ ಆದೀತು ಎಂದು ಮುಖಪುಟದಲ್ಲೇ ಹೇಳಿದ. ದೊಡ್ಡ ಮನಸ್ಸು! ನನಗೆ ಆಡಲಿಕ್ಕೆ ಅಪ್ಪಣೆ ಬೇಡ, ನಿಯಮ ತಿದ್ದುವ ಪೆನ್ನು ಬೇಕು.

ಮಗ ಒಪ್ಪಿದ್ದಾನೆ; ಅವನು ಟಿಪ್ಪು ತಾನೆ, ಲಾಭ ಅವನದೇ. ಮೈದುನ ಇನ್ನೂ ಒಪ್ಪಿಲ್ಲ. ನಾಲ್ಕನೆಯ ತಿದ್ದುಪಡಿ ನನ್ನ ಅಕ್ಷರದಲ್ಲಿ ವಹಿಗೆ ಏರುವವರೆಗೆ ಆ ಮೇಜಿಗೆ ಚಹಾ ಬರುವುದಿಲ್ಲ.