ಮರ ತರೋದಾದ್ರೆ ಜನವರಿಗೂ ತನ್ನಿ

ಡಿಸೆಂಬರ್ ಬಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಎರಡು ವಿಷಯ ಗ್ಯಾರಂಟಿ. ಒಂದು, ಪರೀಕ್ಷೆಯ ಟೈಮ್‌ಟೇಬಲ್ ಕೊನೇ ಗಳಿಗೆಯಲ್ಲಿ ಬದಲಾಗುತ್ತೆ. ಎರಡು, ಕ್ರಿಸ್‌ಮಸ್ ಮರದ ಬಗ್ಗೆ ಜಗಳ ಆಗುತ್ತೆ. "ನಿಜವಾದ ಮರ ಕಡಿಯೋದು ಪಾಪ ಕಣೋ, ಪ್ಲಾಸ್ಟಿಕ್ ತಗೊಂಡ್ರೆ ಒಂದು ಮರ ಉಳಿಯುತ್ತೆ" ಅಂತ ಒಂದು ಗುಂಪು. "ಪ್ಲಾಸ್ಟಿಕ್ ತಂದು ಪರಿಸರದ ಬಗ್ಗೆ ಮಾತಾಡ್ತೀಯಾ?" ಅಂತ ಇನ್ನೊಂದು. ನನ್ನ ಪ್ರಕಾರ ಇಬ್ಬರೂ ಕೇಳ್ತಿರೋ ಪ್ರಶ್ನೆಯೇ ಸರಿಯಿಲ್ಲ. ಮರ ಅಸಲಿಯೋ ನಕಲಿಯೋ ಅನ್ನೋದು ಆಮೇಲೆ. ಅದು ನಿಮ್ಮ ಹತ್ರ ಎಷ್ಟು ವರ್ಷ ಇರುತ್ತೆ ಅನ್ನೋದನ್ನ ಮೊದಲು ಕೇಳಬೇಕು.

ಭಾವನೆ ಬಿಟ್ಟು ಸ್ವಲ್ಪ ಲೆಕ್ಕ ನೋಡೋಣ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಅನ್ನೋ ಸಂಸ್ಥೆಯ ಅಂದಾಜಿನಲ್ಲಿ 2 ಮೀಟರ್ ಎತ್ತರದ ಪ್ಲಾಸ್ಟಿಕ್ ಮರದ ಇಂಗಾಲದ ಹೊರೆ ಸುಮಾರು 40 ಕೆ.ಜಿ. ಅಷ್ಟೇ ಎತ್ತರದ ಕಡಿದ ಮರವನ್ನ ಕಸದ ಗುಂಡಿಗೆ ಎಸೆದ್ರೆ ಸುಮಾರು 16 ಕೆ.ಜಿ., ಯಾಕಂದ್ರೆ ಗಾಳಿಯಾಡದೆ ಕೊಳೆತಾಗ ಮೀಥೇನ್ ಬರುತ್ತೆ. ಅದೇ ಮರವನ್ನ ಚೂರು ಮಾಡಿ ತೋಟಕ್ಕೆ ಹಾಕಿದ್ರೆ ಅಥವಾ ಸುಟ್ಟರೆ ಬರೀ 3.5 ಕೆ.ಜಿ. ಅಂದ್ರೆ ಪ್ಲಾಸ್ಟಿಕ್ ಮರ ಗೆಲ್ಲಬೇಕಾದ್ರೆ ಅದನ್ನ ಹತ್ತು ಹನ್ನೆರಡು ವರ್ಷ ಬಳಸಬೇಕು. ಎರಡನೇ ವರ್ಷಕ್ಕೇ ಕೈಕಾಲು ಮುರಿದುಕೊಂಡು ಸ್ಟೋರ್‌ರೂಮ್ ಸೇರೋ ಮರ ಯಾವ ಕಾಡನ್ನೂ ಉಳಿಸಲ್ಲ.

ಇನ್ನು ಮರ ಕಡಿಯೋ ಪಾಪದ ಮಾತು. ಅಮೆರಿಕ, ಯುರೋಪಿನಲ್ಲಿ ಮಾರೋ ಕ್ರಿಸ್‌ಮಸ್ ಮರಗಳನ್ನ ಬಹುಪಾಲು ಕಾಡಿಂದ ತರಲ್ಲ, ನಮ್ಮ ಕಬ್ಬಿನ ಹಾಗೆ ಹೊಲದಲ್ಲಿ ಬೆಳೀತಾರೆ. ಆರೇಳು ಅಡಿ ಎತ್ತರ ಬರೋಕೆ ಏಳರಿಂದ ಹತ್ತು ವರ್ಷ ಬೇಕು. ಎಂ.ಎಸ್. ಮಾಡೋಕೆ ಹೋಗಿರೋ ಸೀನಿಯರ್‌ಗಳು ಇದನ್ನ ಓದ್ತಿದ್ರೆ ಅವರಿಗೊಂದು ಮಾತು: ಕಡಿದ ಮರ ಬದುಕಿರೋದು ನೀರಿನಿಂದ. ಕೊಳ್ಳುವಾಗ ಕೊಂಬೆ ಹಿಡಿದು ಕೈಯನ್ನ ನಿಧಾನವಾಗಿ ಎಳೀರಿ, ಎಲೆ ಉದುರಿದ್ರೆ ಆ ಮರ ಬಿಟ್ಟುಬಿಡಿ. ಫ್ರೇಸರ್ ಫರ್, ನಾರ್ಡ್‌ಮನ್ ಫರ್ ಎಲೆಗಳನ್ನ ಹೆಚ್ಚು ದಿನ ಹಿಡಿದಿಟ್ಟುಕೊಳ್ಳುತ್ತವೆ. ನಾರ್ವೆ ಸ್ಪ್ರೂಸ್ ಘಮಘಮ ಅನ್ನುತ್ತೆ, ಆದ್ರೆ ಬೇಗ ಉದುರುತ್ತೆ. ಕಡಿದ ಜಾಗದಲ್ಲಿ ಅಂಟು ಕಟ್ಟಿಕೊಂಡು ನೀರಿನ ದಾರಿ ಮುಚ್ಚಿರುತ್ತೆ, ಹಾಗಾಗಿ ಮನೆಗೆ ತಂದ ತಕ್ಷಣ ಬುಡದಿಂದ ಒಂದು ಇಂಚು ಕೊಯ್ದು ನೀರಿನ ಸ್ಟ್ಯಾಂಡ್‌ನಲ್ಲಿ ನಿಲ್ಲಿಸಬೇಕು. ಕಾಂಡದ ದಪ್ಪ ಎಷ್ಟು ಇಂಚೋ ದಿನಕ್ಕೆ ಹತ್ತಿರತ್ತಿರ ಅಷ್ಟು ಲೀಟರ್ ನೀರು ಬೇಕು, ಬರೀ ನಲ್ಲಿ ನೀರು ಸಾಕು. ಸಕ್ಕರೆ, ಆಸ್ಪಿರಿನ್ ಹಾಕೋದೆಲ್ಲ ಸುಮ್ಮನೆ. ಒಣಗಿದ ಮರಕ್ಕೆ ಬೆಂಕಿ ತಗುಲಿದ್ರೆ ಒಂದು ನಿಮಿಷದೊಳಗೆ ರೂಮೇ ಹೊತ್ತಿಕೊಳ್ಳಬಹುದು. ಹಿಂದೆ ಅದರ ಮೇಲೆ ಮೇಣದಬತ್ತಿ ಹಚ್ಚಿಡ್ತಿದ್ರು ಅಂದ್ರೆ ಧೈರ್ಯ ನೋಡಿ! 1882ರಲ್ಲಿ ಎಡಿಸನ್‌ನ ಜೊತೆಗಾರ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ 80 ಬಲ್ಬ್ ಕಟ್ಟಿ ಉರಿಸಿದ. ಇಇಇ ಬ್ರಾಂಚಿನವರು ಕಾಲರ್ ಎತ್ತಿಕೊಳ್ಳಬಹುದು.

ಅದೆಲ್ಲ ಅಲ್ಲಿನ ಕಥೆ. ನಮ್ಮಲ್ಲಿ ಸಂತೆಗೆ ಫರ್ ಮರ ಬರಲ್ಲ. ಕರಾವಳಿಯಲ್ಲಿ ಗಾಳಿ ಮರದ ಕೊಂಬೆ ತಂದು ನಿಲ್ಲಿಸೋರಿದ್ದಾರೆ. ಬೆಂಗಳೂರಿನಲ್ಲಾದ್ರೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಕುಂಡದಲ್ಲಿ ನಿಂತಿರೋ ಅರೌಕೇರಿಯಾ ಸಿಗುತ್ತೆ. ಬೋರ್ಡಿನಲ್ಲಿ ಬರೀ 'ಕ್ರಿಸ್‌ಮಸ್ ಟ್ರೀ' ಅಂತಿರುತ್ತೆ. ಅಸಲಿಗೆ ಅದು ಪೈನ್ ಕುಲದ್ದೂ ಅಲ್ಲ. ಶಾಂತಸಾಗರದ ನಾರ್‌ಫೋಕ್ ದ್ವೀಪದ ಮರ, ಇಲ್ಲವೇ ಅದರ ದಾಯಾದಿ, ನ್ಯೂ ಕ್ಯಾಲೆಡೋನಿಯಾದ ಕುಕ್ ಪೈನ್. ಹಿಮ ಕಂಡಿದ್ದಲ್ಲ, ನಮ್ಮ ಹವೆ ಅದಕ್ಕೆ ಒಗ್ಗುತ್ತೆ. ಬೇರು ಸಮೇತ ಇರೋದ್ರಿಂದ ಹಬ್ಬ ಮುಗಿದ ಮೇಲೂ ಬದುಕುತ್ತೆ. ನಿಜವಾದ ಮರ ಬೇಕು ಅನ್ನೋರು ನಮ್ಮೂರಲ್ಲಿ ತರಬೇಕಾದ್ದು ಇದನ್ನೇ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆರಿಸುವಾಗ ಎಲ್ಲರೂ ಎತ್ತರ ನೋಡ್ತಾರೆ. ನೀವು ತುದಿ ನೋಡಿ. ಈ ಮರದ ವಿನ್ಯಾಸ ವಿಚಿತ್ರ: ಮೇಲಕ್ಕೆ ಬೆಳೆಯೋ ಅಧಿಕಾರ ಇರೋದು ನಡುವಿನ ಒಂದು ಕುಡಿಗೆ ಮಾತ್ರ. ಪಕ್ಕದ ಕೊಂಬೆ ಕತ್ತರಿಸಿ ನೆಟ್ಟು ಬೇರು ಬಂದ್ರೂ, ಅದು ಪಕ್ಕಕ್ಕೇ ಬೆಳೆಯುತ್ತೆ ಹೊರತು ಮರದ ಹಾಗೆ ನೆಟ್ಟಗೆ ನಿಲ್ಲಲ್ಲ. ತುದಿ ಮುರಿದ ಗಿಡ ಎಷ್ಟೇ ಅಗ್ಗಕ್ಕೆ ಕೊಟ್ರೂ ಬೇಡ. ಆಮೇಲೆ ಬಗ್ಗಿ ಕೆಳಗಿನ ಸುತ್ತು ನೋಡಿ. ಒಮ್ಮೆ ಒಣಗಿ ಬಿದ್ದ ಕೆಳಗಿನ ಕೊಂಬೆಯ ಜಾಗದಲ್ಲಿ ಹೊಸದು ಬರಲ್ಲ, ಬೋಳು ಬೋಳಾಗೇ ಉಳಿಯುತ್ತೆ. ಕೆಲವರು ಒಂದೇ ಕುಂಡದಲ್ಲಿ ಮೂರು ನಾಲ್ಕು ಸಸಿ ತುರುಕಿ ದಟ್ಟವಾಗಿ ಕಾಣೋ ಹಾಗೆ ಮಾಡಿರ್ತಾರೆ. ಚೆನ್ನಾಗಿ ಕಾಣುತ್ತೆ ನಿಜ, ಆದ್ರೆ ಬೆಳೀತಾ ಬೆಳೀತಾ ಕಿತ್ತಾಡ್ತವೆ. ನಮ್ಮ ನಾಲ್ಕು ಜನರ ಹಾಸ್ಟೆಲ್ ರೂಮಿನ ಹಾಗೆ! ಬಣ್ಣ, ಮಿನುಗು ಬಳಿದಿದ್ರೆ ಅಂಗಡಿಯಿಂದ ಹೊರಗೆ ನಡೀರಿ. ಎಲೆಗೆ ಬೆಳಕು ಬೇಕು ಸ್ವಾಮಿ, ಫೇಶಿಯಲ್ ಅಲ್ಲ.

ನಮ್ಮ ಮನೆಯಲ್ಲಿ ಗೋದಲಿ ಕಟ್ಟೋದು ಅಪ್ಪ, ಮರ ನನ್ನ ಡಿಪಾರ್ಟ್‌ಮೆಂಟ್. ಈ ಗಿಡಕ್ಕೆ ಇದು ನಾಲ್ಕನೇ ಕ್ರಿಸ್‌ಮಸ್. ಆರೈಕೆ ಅಂತ ದೊಡ್ಡ ಘನಕಾರ್ಯ ಏನಿಲ್ಲ. ಮೇಲಿನ ಒಂದಿಂಚು ಮಣ್ಣಿಗೆ ಬೆರಳು ಚುಚ್ಚಿ ನೋಡೋದು, ಒಣಗಿದ್ರೆ ಮಾತ್ರ ನೀರು. ಬಾಯಾರಿಕೆಗಿಂತ ಅತಿಯಾದ ನೀರಿಗೇ ಇದು ಬೇಗ ಸಾಯೋದು, ಬೇರು ಕೊಳೆಯುತ್ತೆ. ಹಾಗಾಗಿ ಹಬ್ಬಕ್ಕೆ ಅಂತ ಕುಂಡಕ್ಕೆ ಬಂಗಾರದ ಕಾಗದ ಸುತ್ತಿದ್ರೆ ತಳದಲ್ಲಿ ತೂತು ಮಾಡಿ. ಬೆಳಕಿರೋ ಕಿಟಕಿ ಹತ್ತಿರ ಇಟ್ಟು ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಬೇಕು, ಇಲ್ಲದಿದ್ರೆ ಒಂದೇ ಕಡೆ ವಾಲುತ್ತೆ. ಕೊಂಬೆ ಮೆತ್ತಗಿರೋದ್ರಿಂದ ಭಾರದ ಗಂಟೆ, ಗಾಜಿನ ಗೋಲಿ ಬೇಡ. ಕಾಗದದ ನಕ್ಷತ್ರ, ಬಿಸಿಯಾಗದ ಸಣ್ಣ ಎಲ್ಇಡಿ ಸರ ಸಾಕು. ಜನವರಿ ಮೊದಲ ವಾರ ಎಲ್ಲವನ್ನೂ ಬಿಚ್ಚಿ ಗಿಡವನ್ನ ಮೊದಲು ನೆರಳಿಗೆ, ಆಮೇಲೆ ನಿಧಾನವಾಗಿ ಬಿಸಿಲಿಗೆ ಇಡಬೇಕು. ಒಂದೇ ದಿನದಲ್ಲಿ ತಾರಸಿ ಬಿಸಿಲಿಗೆ ಎಳೆದು ತಂದ್ರೆ ಎಲೆ ಸುಟ್ಟುಹೋಗುತ್ತೆ.

ನನಗೆ ಹೊಟ್ಟೆ ಉರಿಯೋದು ಜನವರಿಯಲ್ಲೇ. ನಮ್ಮ ಬಡಾವಣೆಯ ಕಸದ ಮೂಲೆಯಲ್ಲಿ ಪ್ರತಿ ವರ್ಷ ಎರಡೋ ಮೂರೋ ಅರೌಕೇರಿಯಾ ಕುಂಡ ಬಿದ್ದಿರ್ತವೆ, ಕೊರಳಲ್ಲಿ ಇನ್ನೂ ಝರಿ. ನೂರು ವರ್ಷಕ್ಕೂ ಮೇಲೆ ಬದುಕಬಲ್ಲ ಮರಕ್ಕೆ ನಾವು ಕೊಟ್ಟಿದ್ದು ಮೂರು ವಾರ. ಕಾಲೇಜುಗಳೂ ಕಮ್ಮಿಯಿಲ್ಲ. ಸಂಭ್ರಮದ ಬಜೆಟ್‌ನಲ್ಲಿ ಗಿಡ ಬರುತ್ತೆ, ಸೆಲ್ಫಿ ಆಗುತ್ತೆ, ಸೆಮಿಸ್ಟರ್ ರಜೆ ಬರುತ್ತೆ, ಈವನ್ ಸೆಮ್ ಶುರುವಾಗೋಷ್ಟರಲ್ಲಿ ಲಾಬಿಯಲ್ಲಿ ಕಂದು ಬಣ್ಣದ ಕಡ್ಡಿ ನಿಂತಿರುತ್ತೆ.

ಅದಕ್ಕೇ ಈ ಸಲ ಗಿಡಕ್ಕೆ ದುಡ್ಡು ಎತ್ತೋ ಮುಂಚೆ ರಜೆಯಲ್ಲಿ ನೀರು ಹಾಕೋರು ಯಾರು ಅಂತ ವಾಟ್ಸಾಪ್ ಗುಂಪಿನಲ್ಲಿ ಕೇಳಿ. ಒಂದು ಹೆಸರು ಬಂದ್ರೆ ಹೋಗಿ ತನ್ನಿ, ಎರಡಡಿಯದ್ದು ಸಾಕು. ಬರೀ ಥಂಬ್ಸ್‌ಅಪ್ ಬಂದ್ರೆ ಸ್ಟೋರ್‌ರೂಮಿನ ಹಳೇ ಪ್ಲಾಸ್ಟಿಕ್ ಮರವನ್ನೇ ತೊಳೆದು ನಿಲ್ಲಿಸಿ. ಅದರ 40 ಕೆ.ಜಿ. ಈಗಾಗಲೇ ಖರ್ಚಾಗಿದೆ, ಇನ್ನೊಂದು ವರ್ಷ ದುಡಿಯಲಿ. ನಾಚಿಕೆ ಪಡೋಕೆ ಏನೂ ಇಲ್ಲ.

ಗಿಡ ಕುಂಡ ಮೀರಿ ಬೆಳೆದ ಮೇಲೆ ನೆಲಕ್ಕೆ ನೆಡಬಹುದು. ಆದ್ರೆ ಕಾಂಪೌಂಡ್ ಪಕ್ಕ, ಕರೆಂಟ್ ತಂತಿ ಕೆಳಗೆ ಬೇಡ. ತವರಿನಲ್ಲಿ ಇದು 50 ಮೀಟರ್ ದಾಟೋ ಮರ. ಸಿವಿಲ್‌ನವರಿಗೆ ಇನ್ನೊಂದು ತಮಾಷೆ: 2017ರಲ್ಲಿ ಸಂಶೋಧಕರು ಐದು ಖಂಡಗಳಲ್ಲಿ 256 ಕುಕ್ ಪೈನ್ ಮರಗಳನ್ನ ಅಳೆದ್ರು. ಹೆಚ್ಚೂಕಮ್ಮಿ ಎಲ್ಲವೂ ಭೂಮಧ್ಯರೇಖೆಯ ಕಡೆಗೇ ವಾಲಿದ್ವು, ಸರಾಸರಿ 8.55 ಡಿಗ್ರಿ. ಪೀಸಾ ಗೋಪುರದ ವಾಲುವಿಕೆ ಸುಮಾರು 4 ಡಿಗ್ರಿ ಅಷ್ಟೇ! ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ವಾಲುವಿಕೆ ಜಾಸ್ತಿ ಅಂತೆ. ನಾವಿರೋದು 13 ಡಿಗ್ರಿ ಉತ್ತರದಲ್ಲಿ, ಹಾಗಾಗಿ ನಮ್ಮ ಮರಗಳು ದಕ್ಷಿಣಕ್ಕೆ ಸ್ವಲ್ಪವೇ ಬಾಗಿರಬೇಕು. ಮುಂದಿನ ಸಲ ಲಾಲ್‌ಬಾಗ್‌ಗೆ ಹೋದಾಗ ಅಲ್ಲಿನ ಎತ್ತರದ ಅರೌಕೇರಿಯಾಗಳ ಕೆಳಗೆ ನಿಂತು ಫೋನಿನ ಕಂಪಾಸ್ ತೆಗೆದು ನೋಡಿ, ನಮಗೂ ಬರೆದು ತಿಳಿಸಿ.