ಹರಾಜು ಮೈದಾನಕ್ಕಿರಲಿ, ಮನೆಯಲ್ಲಿ ಬೇಡ

ಎಮ್ಮೆದೊಡ್ಡಿಯಿಂದ ಸೋದರಿಯೊಬ್ಬರು ಬರೆದಿದ್ದಾರೆ. ಮಗಳು ಹಾಕಿ ಆಟಗಾರ್ತಿ. ತಂಡದ ಜೊತೆಗಿನ ಕರಾರು ಮುಗಿದಿದೆ, ಈಗ ಎರಡು ಕಡೆಯಿಂದ ಕರೆ. ಒಂದು ಕಡೆ ಸಂಬಳ ಹೆಚ್ಚು, ಇನ್ನೊಂದು ಕಡೆ ಆಡುವ ಅವಕಾಶ ಹೆಚ್ಚು. ಸೋದರಮಾವ "ದುಡ್ಡು ನೋಡು" ಅಂತಾರೆ, ಹುಡುಗಿ "ಆಟ ನೋಡ್ತೀನಿ" ಅಂತಾಳೆ. ಸಾಲದ್ದಕ್ಕೆ ಹೆವಿ ಮೆಟಲ್, ಪಂಕ್ ಅಂತ ಕಿರುಚುವ ಇಂಗ್ಲಿಷ್ ಹಾಡುಗಳು ಬೇರೆ. "ಇಂಥ ಹಾಡು ಕೇಳೋಳ ಬುದ್ಧೀನ ನಂಬೋದು ಹೇಗೆ?" ಎಂಬುದು ಆ ತಾಯಿಯ ಪ್ರಶ್ನೆ.

ಮೊದಲು ಆಟದ ಮಾತು. ಅಮೆರಿಕ, ಕೆನಡಾಗಳ ಐಸ್ ಹಾಕಿಯಲ್ಲಿ ಕರಾರು ಮುಗಿದ ಅನುಭವಿ ಆಟಗಾರನನ್ನು 'ಫ್ರೀ ಏಜೆಂಟ್' ಅಂತಾರೆ. ಕರೆದವರಲ್ಲಿ ಯಾರ ಕಡೆ ಹೋಗಬೇಕೆಂದು ಅವನೇ ಆರಿಸಿಕೊಳ್ಳುತ್ತಾನೆ. ನಮ್ಮ ಹಾಕಿ ಇಂಡಿಯಾ ಲೀಗಿನದು ಹರಾಜು. 2012ರ ಡಿಸೆಂಬರಿನಲ್ಲಿ ಕೊಡಗಿನ ವಿ.ಆರ್. ರಘುನಾಥ್ ಅವರನ್ನು ಉತ್ತರ ಪ್ರದೇಶದ ತಂಡ 76,000 ಡಾಲರಿಗೆ ಕೊಂಡಿತು. 2024ರ ಅಕ್ಟೋಬರಿನಲ್ಲಿ ಮಹಿಳೆಯರ ಲೀಗಿಗೂ ಹರಾಜು ನಡೆದು, ಉದಿತಾ ಅವರಿಗೆ 32 ಲಕ್ಷ ರೂಪಾಯಿ ಬಂತು. ಮೊತ್ತವೇನೋ ದೊಡ್ಡದೇ. ಆದರೆ ಯಾವ ತಂಡ ಎಂಬುದು ಕೂಗಿದವರ ಕೈಲಿ, ಆಡುವವರ ಕೈಲಲ್ಲ.

ಕೊಡಗಿನಲ್ಲೇ ಇನ್ನೊಂದು ಪದ್ಧತಿಯಿದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮದುವೆಯಾದ ಹೆಣ್ಣುಮಗಳು ತವರಿನ ಪರ ಆಡಬಹುದು, ಗಂಡನ ಮನೆಯ ಪರವೂ ಆಡಬಹುದು. ಆಯ್ಕೆ ಅವಳದು. ನಿಮ್ಮ ಮಗಳಿಗೂ ಈಗ ಅಂಥ ಭಾಗ್ಯ ಸಿಕ್ಕಿದೆ. ಅದನ್ನು ಮನೆಯ ಹಿರಿಯರು ಕೂತು ಹರಾಜು ಮಾಡಬೇಡಿ.

ಹಾಗಂತ ಸುಮ್ಮನಿರಬೇಕೆಂದಲ್ಲ. ಕೇಳಬೇಕಾದ್ದನ್ನು ಕೇಳಿ. ಕರಾರು ಎಷ್ಟು ವರ್ಷಕ್ಕೆ? ಗಾಯವಾದರೆ ಆಸ್ಪತ್ರೆ ಖರ್ಚು ಯಾರದು? ಆ ತಿಂಗಳುಗಳ ಸಂಬಳ ಬರುತ್ತದೋ? ಅವಳ ಜಾಗದಲ್ಲಿ ಆಡುವವರು ಅಲ್ಲಿ ಆಗಲೇ ಎಷ್ಟು ಜನ ಇದ್ದಾರೆ? ಬೆಂಚಿನ ಮೇಲೆ ಕೂತವಳ ಆಟ ಯಾರ ಕಣ್ಣಿಗೂ ಬೀಳುವುದಿಲ್ಲ. ಆಗ ಮುಂದಿನ ಕರಾರಿನ ಸಂಬಳ ಏರುವುದೂ ಕಷ್ಟ. ಅವಳ ಲೆಕ್ಕದಲ್ಲೂ ಹುರುಳಿದೆ.

ಇನ್ನು ಹಾಡು. ಹೆವಿ ಮೆಟಲ್ ಬೆಳೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ. ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ ಹುಡುಗನಾಗಿದ್ದಾಗ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡರು. ಪ್ಲಾಸ್ಟಿಕ್ಕಿನ ತುದಿ ಮಾಡಿ ತೊಟ್ಟುಕೊಂಡು ಮತ್ತೆ ಗಿಟಾರ್ ಹಿಡಿದರು. ಪಂಕ್ ಅನ್ನೋದು 1970ರ ದಶಕದಲ್ಲಿ ನ್ಯೂಯಾರ್ಕ್, ಲಂಡನ್ನಿನ ಹುಡುಗರು ಹೆಚ್ಚು ಪಾಠವಿಲ್ಲದೆಯೇ ಕಟ್ಟಿದ ಚುಟುಕು ಹಾಡು. ಬೆಂಗಳೂರಿಗೂ ಇದು ಹೊಸದಲ್ಲ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ಹಾಡಿವೆ.

ವೀರಗಾಸೆಯ ಕರಡೆ, ಸಂಬಾಳ ಮೊಳಗಿದರೆ ನಮ್ಮ ಮೈಯೂ ಜುಮ್ಮೆನ್ನುತ್ತದಲ್ಲವೇ? ಸದ್ದು ದೊಡ್ಡದಾದ ಮಾತ್ರಕ್ಕೆ ಬುದ್ಧಿ ಕೆಡುವುದಿಲ್ಲ. ಕಿವಿಗೆ ಸಿಕ್ಕಿಸಿಕೊಂಡು ಕೇಳುವಾಗ ಸದ್ದು ತಗ್ಗಿಸು ಅಂತ ಹೇಳಿ, ಅಷ್ಟು ಸಾಕು.

ಸಹಿ ಅವಳೇ ಹಾಕಲಿ ತಾಯಿ. ಅದಕ್ಕೆ ಮುಂಚೆ ಪಕ್ಕದಲ್ಲಿ ಕೂತು ಕರಾರುಪತ್ರವನ್ನು ಸಾಲುಸಾಲಾಗಿ ಅವಳ ಜೊತೆ ನೀವೂ ಓದಿ.